ಹೆಣಗಳ ನಡುವೆಯೂ ಗೋಡೆ



ನಮ್ಮಲ್ಲಿ ಕೆಲವರ ಮನೆ ಗೋಡೆ ಮೇಲೆ ಬಾಬಾಸಾಹೇಬರ ಪಕ್ಕದಲ್ಲೇ ಏಸುವಿನ ಪಟವೂ ಇದೆ. ದುಡಿದು ಸೋತ ಅವ್ವ, ಸತ್ತ ಮೇಲಾದ್ರೂ ಕಣ್ಣೀರು ಒರೆಸೋನು ಒಬ್ಬ ಇದ್ದಾನೆ ಅಂತ ನಂಬಿದರೆ ನಾವು ಅವಳನ್ನು ಹಂಗಿಸುವುದಿಲ್ಲ. ಊರು ಕೊಡದ ಮರ್ಯಾದೆಯನ್ನು ಅವಳು ಪರಲೋಕದಲ್ಲಿ ಹುಡುಕುತ್ತಾಳೆ. ನಮ್ಮ ಜಗಳ ಆ ಆಸೆಯ ಜೊತೆ ಅಲ್ಲ. ಅದನ್ನೇ ತೋರಿಸಿ ನಮ್ಮ ಬಾಯಿ ಮುಚ್ಚಿಸುವವರ ಜೊತೆ.

ದೇವರ ಮುಂದೆ ಎಲ್ಲರೂ ಒಂದೇ ಅಂತೀರಿ. ಹಾಗಾದರೆ ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಹೆಣಕ್ಕೂ ಮೇಲ್ಜಾತಿಯವರ ಹೆಣಕ್ಕೂ ನಡುವೆ ಗೋಡೆ ಎದ್ದದ್ದು ಯಾಕೆ? ಗೋರಿಯಲ್ಲೂ ಬಿಡದ ಜಾತಿ ಸ್ವರ್ಗದ ಬಾಗಿಲಲ್ಲಿ ತಾನಾಗೇ ಕಳಚಿ ಬೀಳುತ್ತಾ?

ಸರ್ಕಾರವನ್ನೂ ಕೇಳ್ತೀವಿ. 1950ರ ಆದೇಶ ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ದೇವರು ಬದಲಾದರೆ ಕೇರಿ ಬದಲಾಗುತ್ತಾ? ಸ್ಮಶಾನದ ಗೋಡೆಯೇ ಇದಕ್ಕೆ ಸಾಕ್ಷಿ.

ಸತ್ತ ಮೇಲಿನ ನ್ಯಾಯ ಅವ್ವನ ನಂಬಿಕೆಯಾಗಿ ಇರಲಿ. ಬದುಕಿರುವಾಗಿನ ನ್ಯಾಯ ನಮ್ಮ ಹಕ್ಕು. ಅಕ್ಷರ ಕಲಿತ ನಾವು ಗೋಡೆ ಕೆಡವುವ ಕೆಲಸವನ್ನು ಪರಲೋಕಕ್ಕೆ ಮುಂದೂಡೋದು ಬ್ಯಾಡ.