ಕುಸಿದವರನ್ನು ತೂಗುವ ಮುನ್ನ

ದೇವನಹಳ್ಳಿ ಕೋಟೆಯ ಸಮೀಪ ಕಂಬಗಳಿರುವ ಒಂದು ಸಣ್ಣ ಕಲ್ಲಿನ ಮಂಟಪವಿದೆ. ಟಿಪ್ಪು ಸುಲ್ತಾನರು ಹುಟ್ಟಿದ ಜಾಗವೆಂದು ಅಲ್ಲಿ ಫಲಕವಿದೆ. ವಿಮಾನ ನಿಲ್ದಾಣಕ್ಕೆ ಯಾರನ್ನಾದರೂ ಬಿಡಲು ಹೋದ ನಮ್ಮ ಕುಟುಂಬಗಳು ಮರಳುವಾಗ ಅಲ್ಲಿ ಗಾಡಿ ನಿಲ್ಲಿಸಿ ಮಕ್ಕಳಿಗೆ ಅದನ್ನು ತೋರಿಸುವುದುಂಟು. ಅದೇ ಟಿಪ್ಪುವಿನ ವಂಶದ ಹೆಣ್ಣುಮಗಳೊಬ್ಬಳು ಜರ್ಮನಿಯ ಡಾಖಾವ್ ಯಾತನಾ ಶಿಬಿರದಲ್ಲಿ ಗುಂಡಿಗೆ ಬಲಿಯಾದಳೆಂಬುದನ್ನು ಮಾತ್ರ ಮಕ್ಕಳಿಗೆ ಹೇಳುವವರು ಕಡಿಮೆ.

ಆಕೆ ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು ಹಝ್ರತ್ ಇನಾಯತ್ ಖಾನ್, ತಾಯಿ ಅಮೆರಿಕದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ 1943ರ ಜೂನ್‌ನಲ್ಲಿ ಆಕೆ ನಾಝಿಗಳ ವಶದಲ್ಲಿದ್ದ ಫ್ರಾನ್ಸಿಗೆ ಬಂದಿಳಿದಳು. ಅಕ್ಟೋಬರ್‌ನಲ್ಲಿ ಸೆರೆ ಸಿಕ್ಕಳು. ಕೈಕಾಲುಗಳಿಗೆ ಸಂಕೋಲೆ ತೊಡಿಸಿ, ಜರ್ಮನಿಯ ಜೈಲೊಂದರಲ್ಲಿ ಸುಮಾರು ಹತ್ತು ತಿಂಗಳು ಒಂಟಿಯಾಗಿ ಕೂಡಿಹಾಕಿದರು. ಆದರೂ ಸಂಗಾತಿಗಳ ಹೆಸರನ್ನು ಆಕೆ ಬಾಯಿಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಇತರ ಮೂವರು ಮಹಿಳೆಯರೊಂದಿಗೆ ಆಕೆಯನ್ನೂ ಕೊಂದರು. ಆಗ ಆಕೆಗೆ 30 ವರ್ಷ.

ನೂರ್‌ಳ ಕಥೆ ಕೇಳಿದಾಗ ನಮ್ಮ ಎದೆ ಉಬ್ಬುತ್ತದೆ. ಮುರಿಯದೆ ನಿಂತವರ ಕಥೆಗಳೇ ಹಾಗೆ. ಆದರೆ ಸಹೋದರಿಯರೇ, ಅದೇ ಶಿಬಿರಗಳಲ್ಲಿ ಮುರಿದು ಹೋದವರ ಸಂಖ್ಯೆ ಲಕ್ಷಗಟ್ಟಲೆ. ಅವರ ವಿಶ್ವಾಸವೂ ಹೋಯಿತು, ಮನುಷ್ಯತ್ವವೂ ಹೋಯಿತು. ಅವರ ಬಗ್ಗೆ ನಾವೇನು ಹೇಳಬೇಕು?

ನಾಝಿಗಳು ಸುಮಾರು 60 ಲಕ್ಷ ಯಹೂದಿಯರನ್ನು ಕೊಂದರು. ಪೋಲೆಂಡಿನ ಆಶ್ವಿಟ್ಝ್ ಎಂಬ ಒಂದೇ ಶಿಬಿರದಲ್ಲಿ ಸತ್ತವರು ಸುಮಾರು 11 ಲಕ್ಷ. ಅವರಲ್ಲಿ ಹತ್ತು ಲಕ್ಷದಷ್ಟು ಮಂದಿ ಯಹೂದಿಯರು. ರೈಲಿನಿಂದ ಇಳಿಸಿದ ಕೂಡಲೇ ವೃದ್ಧರನ್ನು, ಮಕ್ಕಳನ್ನು, ಎಳೆಮಕ್ಕಳ ತಾಯಂದಿರನ್ನು ವಿಷಾನಿಲದ ಕೋಣೆಗೆ ಕಳಿಸುತ್ತಿದ್ದರು. ದುಡಿಯಬಲ್ಲವರ ತಲೆ ಬೋಳಿಸಿ, ತೋಳಿಗೆ ನಂಬರ್ ಹಚ್ಚೆ ಹಾಕುತ್ತಿದ್ದರು. ಆಮೇಲೆ ಅವರಿಗೆ ಹೆಸರೇ ಇಲ್ಲ, ನಂಬರ್ ಮಾತ್ರ. ದಿನಕ್ಕೆ ಒಂದು ತುಂಡು ಬ್ರೆಡ್, ನೀರಿನಂಥ ಸಾರು. ಅದರ ಮೇಲೆ ಹಿಮದಲ್ಲಿ ದಿನವಿಡೀ ದುಡಿತ.

ಎಲೀ ವೀಸೆಲ್ ಎಂಬ ಹುಡುಗನನ್ನು 1944ರಲ್ಲಿ ಅಲ್ಲಿಗೆ ತಂದಾಗ ಅವನಿಗೆ 15 ವರ್ಷ. ಊರಲ್ಲಿದ್ದಾಗ ಹಗಲಿರುಳು ಧರ್ಮಗ್ರಂಥ ಓದುತ್ತಿದ್ದ ಹುಡುಗ. ತಾಯಿಯನ್ನು, ಪುಟ್ಟ ತಂಗಿಯನ್ನು ಮೊದಲ ರಾತ್ರಿಯೇ ಕಳೆದುಕೊಂಡ. ಯಹೂದಿಯರ ಅತ್ಯಂತ ಪವಿತ್ರ ಉಪವಾಸದ ದಿನ ಬಂದಾಗ ಆತ ಬೇಕೆಂದೇ ಉಂಡ. ಉಪವಾಸ ಬೇಡವೆಂದು ತಂದೆಯೂ ಹೇಳಿದ್ದರು. ಆದರೆ ತಾನು ಉಂಡದ್ದು ದೇವರ ಮೌನದ ವಿರುದ್ಧ ಪ್ರತಿಭಟನೆಯಾಗಿಯೂ ಹೌದೆಂದು ಆತ ಮುಂದೆ ಬರೆದ. 1945ರ ಜನವರಿ ಕೊನೆಯಲ್ಲಿ ಇನ್ನೊಂದು ಶಿಬಿರದಲ್ಲಿ ತಂದೆ ಸಾಯುತ್ತಿದ್ದರು. ಅವರು ಮಗನನ್ನು ಕರೆದರು. ಹೊಡೆತಕ್ಕೆ ಹೆದರಿ ಮಗ ಓಗೊಡಲಿಲ್ಲ. ತಂದೆ ಸತ್ತಾಗ ಅಳು ಬರಲಿಲ್ಲ, ಮನಸ್ಸಿನ ಆಳದಲ್ಲಿ ಒಂದು ಭಾರ ಇಳಿದಂತಾಯಿತೆಂದು ಆತ ಯಾವ ನೆಪವನ್ನೂ ಹೇಳದೆ ಒಪ್ಪಿಕೊಂಡಿದ್ದಾನೆ.

ಆತ ಬರೆದ ಇನ್ನೊಂದು ಘಟನೆ ನನ್ನನ್ನು ಬಿಡದೆ ಕಾಡುತ್ತದೆ. ಅಲ್ಲೊಬ್ಬ ಧರ್ಮನಿಷ್ಠ ಕೈದಿ ನಿಧಾನವಾಗಿ ವಿಶ್ವಾಸ ಕಳಕೊಂಡ. ಅದರೊಂದಿಗೆ ಬದುಕುವ ಆಸೆಯೂ ಹೋಯಿತು. ಸಾವಿಗೆ ಆಯ್ಕೆಯಾದಾಗ ಜೊತೆಗಾರರಲ್ಲಿ ಒಂದೇ ಒಂದು ಬೇಡಿಕೆ ಇಟ್ಟ: ಮೂರು ದಿನಗಳ ಬಳಿಕ ನನಗಾಗಿ ಮೃತರ ಪ್ರಾರ್ಥನೆ ಮಾಡಿ. ಎಲ್ಲರೂ ಮಾತು ಕೊಟ್ಟರು. ಆದರೆ ಮುಂದಿನ ದಿನಗಳ ಹೊಡೆತ, ದುಡಿತಗಳ ನಡುವೆ ಎಲ್ಲರೂ ಮರೆತೇಬಿಟ್ಟರು. ನಮ್ಮಲ್ಲಿ ಸತ್ತವರಿಗೆ ಜನಾಝ ನಮಾಝ್ ತಪ್ಪಿದರೆ ಎಷ್ಟು ನೋವು! ಅವರೇನು ಕೆಟ್ಟವರೇ? ಅವರ ನೆನಪನ್ನೂ ಹಸಿವು ತಿಂದಿತ್ತು.

ನಮ್ಮನ್ನು ಬೆಚ್ಚಿಬೀಳಿಸುವ ಒಂದು ವಿಷಯವನ್ನೂ ಹೇಳಬೇಕು. ಹಸಿವಿನಿಂದ ಎಲುಬಿನ ಗೂಡಾಗಿ, ಮಾತು ನಿಂತು, ಹೊಡೆದರೂ ಅಳದೆ ಸಾವಿಗಾಗಿ ಕಾಯುತ್ತಿದ್ದವರಿಗೆ ಶಿಬಿರದ ಕೈದಿಗಳೇ ಒಂದು ಹೆಸರಿಟ್ಟಿದ್ದರು. ಆ ಹೆಸರು ‘ಮುಸಲ್ಮಾನ್’! ಅವರು ಬಾಗಿ ಕುಸಿದು ಕೂರುತ್ತಿದ್ದ ರೀತಿ ದೂರದಿಂದ ಸಜ್ದಾದಂತೆ ಕಾಣುತ್ತಿತ್ತು ಎಂಬುದು ಒಂದು ವಿವರಣೆ. ಮುಸ್ಲಿಮರು ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟು ಸುಮ್ಮನಿರುವವರೆಂಬ ಯುರೋಪಿನ ತಪ್ಪು ಕಲ್ಪನೆಯೇ ಕಾರಣ ಎಂಬುದು ಇನ್ನೊಂದು. ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ನಾವು ಶರಣಾಗುವುದು ಅಲ್ಲಾಹನಿಗೆ, ಜಾಲಿಮನಿಗಲ್ಲ, ಸಾವಿಗೂ ಅಲ್ಲ. ಆದರೆ ಮತ್ತೆ ಯೋಚಿಸಿದಾಗ ಮನಸ್ಸು ಕರಗಿತು. ಜಗತ್ತಿನಲ್ಲಿ ಯಾರೂ ದಿಕ್ಕಿಲ್ಲದ ಆ ಜನ ನಮ್ಮ ಹೆಸರು ಹೊತ್ತು ಸತ್ತರು. ಅವರ ನೋವು ನಮಗೆ ಸಂಬಂಧವಿಲ್ಲದ್ದೆಂದು ಹೇಗೆ ಹೇಳುವುದು?

ಇಂಥವರನ್ನು ಕಣ್ಣಾರೆ ಕಂಡು ಬರೆದವನು ಪ್ರೀಮೋ ಲೇವಿ, ಇಟಲಿಯ ಯಹೂದಿ ರಸಾಯನಶಾಸ್ತ್ರಜ್ಞ. ಆತನ ತೋಳಿನ ನಂಬರ್ 174517. ಆತ ಬದುಕುಳಿಯಲು ನೆರವಾದವನು ಲೊರೆಂಝೊ ಎಂಬ ಗಾರೆ ಕೆಲಸದವನು. ಕೈದಿಯಲ್ಲ, ಶಿಬಿರದ ಹತ್ತಿರ ಕೂಲಿಗೆ ಬಂದಿದ್ದ ಇಟಲಿಯ ಬಡವ. ಆರು ತಿಂಗಳ ಕಾಲ ದಿನವೂ ತನ್ನ ಪಾಲಿನ ಸಾರು, ಬ್ರೆಡ್ ಉಳಿಸಿ ಲೇವಿಗೆ ಕದ್ದು ತಂದುಕೊಟ್ಟ. ತೇಪೆ ಹಾಕಿದ ಒಂದು ಬನಿಯನ್ ಕೊಟ್ಟ. ಊರಿಗೆ ಒಂದು ಕಾರ್ಡ್ ಬರೆದು ಹಾಕಿದ. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ತಾನೂ ಒಬ್ಬ ಮನುಷ್ಯನೆಂಬುದನ್ನು ಮರೆಯದೆ ಉಳಿದದ್ದು ಲೊರೆಂಝೊನಿಂದಾಗಿ ಎಂದು ಲೇವಿ ಬರೆದ. ಆ ಗಾರೆಯವನು ಉಪದೇಶ ಮಾಡಲಿಲ್ಲ, ಧೈರ್ಯ ತಂದುಕೋ ಎಂದು ಗದರಲಿಲ್ಲ. ಒಂದು ಪಾತ್ರೆ ಸಾರು ತಂದ, ಅಷ್ಟೇ.

ನಮ್ಮ ದೀನ್ ಈ ವಿಷಯದಲ್ಲಿ ಎಷ್ಟು ಕರುಣೆ ತೋರಿದೆ ನೋಡಿ. ಹಸಿವಿನಿಂದ ಪ್ರಾಣ ಹೋಗುವಂತಿದ್ದರೆ ಹರಾಮ್ ಆಹಾರವನ್ನೂ ತಿನ್ನುವುದು ಪಾಪವಲ್ಲವೆಂದು ಸೂರಃ ಬಕರಃ ತಿಳಿಸುತ್ತದೆ. ಹಝ್ರತ್ ಅಮ್ಮಾರ್ ಬಿನ್ ಯಾಸಿರ್(ರ)ರ ತಾಯಿ ಸುಮಯ್ಯಾ(ರ) ಕುರೈಶರ ಹಿಂಸೆಗೆ ಶಹೀದರಾದರು. ಅದೇ ಹಿಂಸೆ ತಾಳಲಾರದೆ ಅಮ್ಮಾರ್(ರ) ಬಾಯಿಂದ ಸತ್ಯನಿಷೇಧದ ಮಾತು ಹೊರಬಿತ್ತು. ಅಳುತ್ತಾ ಬಂದ ಅವರನ್ನು ಪ್ರವಾದಿ(ಸ) ಗದರಲಿಲ್ಲ. ನಿನ್ನ ಹೃದಯ ಹೇಗಿದೆ ಎಂದು ಕೇಳಿದರು, ಕಣ್ಣೀರು ಒರೆಸಿದರು. ಬಲವಂತಕ್ಕೊಳಗಾದವರನ್ನು ಕ್ಷಮಿಸುವ ಸೂರಃ ನಹ್ಲ್‌ನ 106ನೇ ಆಯತ್ ಅವರ ಕುರಿತೇ ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅಮ್ಮಾರ್(ರ)ರ ಹೃದಯ ಗಟ್ಟಿಯಿತ್ತು, ನಿಜ. ಹೃದಯವೇ ಅಲುಗಾಡಿದವರ ಲೆಕ್ಕ ಅಲ್ಲಾಹನ ಬಳಿ ಇದೆ. ತಕ್ಕಡಿಯನ್ನು ಆತ ನಮ್ಮ ಕೈಗೆ ಕೊಟ್ಟಿಲ್ಲ.

ಆದರೂ ನಾವು ತೂಗುತ್ತೇವೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ ಒಬ್ಬ ಸಹೋದರಿ 2021ರ ಕೊರೋನಾದಲ್ಲಿ ಒಂದೇ ವಾರದೊಳಗೆ ಗಂಡನನ್ನೂ ತಾಯಿಯನ್ನೂ ಕಳೆದುಕೊಂಡಳು. ಆಮೇಲೆ ನಮಾಝ್ ನಿಲ್ಲಿಸಿದಳು. “ರಾತ್ರಿಯೆಲ್ಲಾ ದುಆ ಮಾಡಿದ್ದೆ. ಇನ್ನು ಯಾರನ್ನ ಕೇಳಲಿ?” ಎಂದಳು. ಸಾಂತ್ವನಕ್ಕೆ ಬಂದ ಹೆಂಗಸರು, “ತೌಬಾ ಮಾಡು, ಈಮಾನ್ ಹೋಗುತ್ತೆ” ಎಂದು ಎದ್ದು ಹೋದರು. ಪಕ್ಕದ ಮನೆಯ ಖಾಲಾ ಮಾತ್ರ ದಿನಾ ಸಂಜೆ ಡಬ್ಬಿಯಲ್ಲಿ ಖಿಚಡಿ ತಂದು, ಮಕ್ಕಳಿಗೆ ಉಣ್ಣಿಸಿ, ಆಕೆಯ ತಲೆ ಬಾಚಿ ಹೋಗುತ್ತಿದ್ದರು. ನಮಾಝಿನ ಮಾತೇ ಎತ್ತಲಿಲ್ಲ. ಮುಂದಿನ ರಮಝಾನ್‌ನ ಒಂದು ಸಂಜೆ ಆಕೆ ತಾನಾಗಿ ಖಾಲಾ ಮನೆಗೆ ಬಂದು ಇಫ್ತಾರ್‌ಗೆ ಕುಳಿತಳು. ಅವಳ ದುಃಖವನ್ನು ಆಶ್ವಿಟ್ಝ್‌ಗೆ ಹೋಲಿಸುತ್ತಿಲ್ಲ. ಆದರೆ ಆ ಖಿಚಡಿ ಡಬ್ಬಿ ಕಂಡಾಗಲೆಲ್ಲ ನನಗೆ ಲೊರೆಂಝೊನ ಸಾರಿನ ಪಾತ್ರೆ ನೆನಪಾಗುತ್ತದೆ.

ಕೆಲವು ಸಹೋದರಿಯರು ಕೇಳಬಹುದು: 2023ರ ಅಕ್ಟೋಬರ್ ನಂತರ ಗಾಝಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ತಾಯಂದಿರು ಮಕ್ಕಳ ಕಫನ್ ಹೊತ್ತರು. ಹೀಗಿರುವಾಗ ಯಹೂದಿಯರ ಕಥೆ ಏಕೆ? ಪ್ರಶ್ನೆ ಸಹಜ. ಒಮ್ಮೆ ಶವಯಾತ್ರೆಯೊಂದು ಹಾದುಹೋಗುವಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯ ಶವವೆಂದು ಅನುಚರರು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಉತ್ತರಿಸಿದರೆಂದು ಬುಖಾರಿಯಲ್ಲಿದೆ. ಗಾಝಾದ ತಾಯಿಗಾಗಿ ಅಳುವ ಕಣ್ಣು ಆಶ್ವಿಟ್ಝ್‌ನ ತಾಯಿಗಾಗಿಯೂ ಅಳಬಲ್ಲದು. ಒಂದು ಕಡೆ ಬತ್ತಿಸಿಕೊಂಡರೆ ಇನ್ನೊಂದು ಕಡೆಯೂ ಬತ್ತುತ್ತದೆ.

ವೀಸೆಲ್ ಬದುಕಿ ಬಂದ. ದೇವರೊಂದಿಗಿನ ಜಗಳವನ್ನೂ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಎಷ್ಟೋ ಮಂದಿಗೆ ಆ ಅವಕಾಶವೂ ಸಿಗಲಿಲ್ಲ.

ಮುಂದಿನ ಬಾರಿ ದೇವನಹಳ್ಳಿಗೆ ಹೋದಾಗ ಮಕ್ಕಳಿಗೆ ನೂರ್‌ಳ ಕಥೆ ಹೇಳಿ. ಅವಳಂತೆ ನಿಲ್ಲಲಾಗದೆ ಕುಸಿದವರ ಕಥೆಯನ್ನೂ ಹೇಳಿ. ನಮ್ಮ ಬೀದಿಯಲ್ಲೂ ಯಾವುದೋ ಮನೆಯಲ್ಲಿ ಮುಸಲ್ಲಾ ಮಡಚಿಟ್ಟು ಸುಮ್ಮನೆ ಗೋಡೆ ನೋಡುತ್ತಾ ಕುಳಿತ ಒಬ್ಬಳಿರಬಹುದು. ಅವಳ ಈಮಾನ್ ಎಷ್ಟಿದೆಯೆಂದು ಕೇಳಬೇಡಿ. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದಾಳೆಯೇ, ಅದನ್ನು ಕೇಳಿ.