ಕ್ರೀಡಾಂಗಣದ ನಕ್ಷೆಯಲ್ಲಿ ಪ್ರೇಕ್ಷಕನೆಲ್ಲಿ?

ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣ ನಿರ್ಮಿಸಲು ರಾಜ್ಯ ಸರ್ಕಾರ 2025ರಲ್ಲಿ ಒಪ್ಪಿಗೆ ನೀಡಿತು. ಅಹಮದಾಬಾದನ್ನು ಬಿಟ್ಟರೆ ದೇಶದಲ್ಲಿ ಇದೇ ದೊಡ್ಡದು ಎಂಬ ಹೆಮ್ಮೆಯ ಮಾತೂ ಜತೆಗೇ ಕೇಳಿಬಂದಿತು. ಆಸನಗಳ ಸಂಖ್ಯೆ ಎಲ್ಲರ ಬಾಯಲ್ಲಿದೆ. ಅಷ್ಟು ಜನ ಒಳಗೆ ಬರುವ ದಾರಿ ಯಾವುದು, ಹೊರಗೆ ಹೋಗುವ ದಾರಿ ಎಷ್ಟು ಅಗಲ ಎಂಬುದು ಚರ್ಚೆಗೆ ಬಂದದ್ದು ಕಡಿಮೆ.

ಇದು ಕೊಂಕು ತೆಗೆಯುವ ಮಾತಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೊರ ಜಿಲ್ಲೆಗಳಿಂದ ಬಂದ ಎಳೆಯರೂ ಇದ್ದರು. ದುರಂತ ಸಂಭವಿಸಿದ್ದು ಗೇಟುಗಳ ಬಳಿ. ಆ ಗೇಟುಗಳು ನೇರವಾಗಿ ಪಾದಚಾರಿ ಮಾರ್ಗಕ್ಕೆ ತೆರೆದುಕೊಳ್ಳುತ್ತವೆ. ಕ್ರೀಡಾಂಗಣದ ಈಗಿನ ವಿನ್ಯಾಸ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ವರದಿ ನೀಡಿತು. ಅದಕ್ಕೆ ಉತ್ತರವಾಗಿ ಇನ್ನಷ್ಟು ದೊಡ್ಡದನ್ನು ಕಟ್ಟಲು ಹೊರಟಿದ್ದೇವೆ.

ರಾಜಧಾನಿಯಿಂದ ಇನ್ನೂರೈವತ್ತು ಕಿಲೋಮೀಟರ್ ಆಚೆಗಿನ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಆಟ ನೋಡುವವರ ಪಾಡು ಹೇಗಿದೆ? ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಚನ್ನಗಿರಿ ಸೀಮೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಕಾಲ. ಜಗಳೂರಿನ ಕಡೆ ಹೊನಲು ಬೆಳಕಿನ ಕಬಡ್ಡಿಗೆ ಸುತ್ತಲಿನ ಹಳ್ಳಿಗಳ ಯುವಕರೆಲ್ಲ ಸೇರುತ್ತಾರೆ. ಹೊನ್ನಾಳಿ, ನ್ಯಾಮತಿ ಭಾಗದಲ್ಲಿ ದೀಪಾವಳಿ ಕಳೆಯಿತೆಂದರೆ ಹೋರಿ ಬೆದರಿಸುವ ಹಬ್ಬ. ಅದನ್ನು ಜನ ಮಾಳಿಗೆಯಿಂದ, ಮರದ ಕೊಂಬೆಯಿಂದ, ಟ್ರ್ಯಾಕ್ಟರ್ ಟ್ರೇಲರ್ ಮೇಲಿನಿಂದ ನೋಡುತ್ತಾರೆ. ಬೇಲಿಯಿಲ್ಲದ ಬೀದಿಯಲ್ಲಿ ನಿಂತು ನೋಡುತ್ತಿದ್ದವರೇ ಹೋರಿ ತಿವಿದು ಸತ್ತ ಪ್ರಕರಣಗಳು ಪಕ್ಕದ ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ನಡೆದಿವೆ. ಕಬಡ್ಡಿಗೆ ಕಟ್ಟುವ ತಾತ್ಕಾಲಿಕ ಗ್ಯಾಲರಿಯೂ ನಂಬಿಕೆಗೆ ಅರ್ಹವಲ್ಲ. ತೆಲಂಗಾಣದ ಸೂರ್ಯಾಪೇಟೆಯಲ್ಲಿ 2021ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿಯೇ ಕುಸಿದು ನೂರರಷ್ಟು ಮಂದಿ ಗಾಯಗೊಂಡರು.

ತಾಲ್ಲೂಕು ಕ್ರೀಡಾಂಗಣವೆಂದರೆ ನಮ್ಮಲ್ಲಿ ಒಂದು ಅಚ್ಚು ಸಿದ್ಧವಾಗಿದೆ: ಓಟದ ಪಥ, ಕಾಂಪೌಂಡ್, ಅತಿಥಿಗಳಿಗೆ ನೆರಳಿರುವ ಒಂದು ಪೆವಿಲಿಯನ್. ಧ್ವಜಾರೋಹಣಕ್ಕೆ ಅದು ಸಾಕು. ಉಳಿದವರಿಗೆ ಬಿಸಿಲು. ಹೆಣ್ಣುಮಕ್ಕಳ ಖೊಖೊ ಪಂದ್ಯ ನೋಡಲು ತಾಯಂದಿರು ಏಕೆ ಬರುವುದಿಲ್ಲ ಎಂದು ಕೇಳುವ ಅಧಿಕಾರಿಗಳು ಅಲ್ಲಿ ಅವರಿಗೊಂದು ಶೌಚಾಲಯವಿದೆಯೇ ಎಂದು ನೋಡಿದ್ದಾರೆಯೇ?

ಬೇಸ್‌ಬಾಲ್ ನಮಗೆ ಅಪರಿಚಿತ ಆಟ. ಆದರೂ ಅಮೆರಿಕ ಆ ಆಟಕ್ಕೆ ಕಟ್ಟಿದ ಹೊಸ ಕ್ರೀಡಾಂಗಣಗಳನ್ನು ಇಲ್ಲಿ ನೆನೆಯಬೇಕು. ಬಾಲ್ಟಿಮೋರ್‌ನಲ್ಲಿ 1992ರಲ್ಲಿ ತೆರೆದ ಕ್ಯಾಮ್ಡನ್ ಯಾರ್ಡ್ಸ್ ಹಳೆಯದಕ್ಕಿಂತ ಚಿಕ್ಕದು. ಊರ ನಡುವೆ, ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಂತೂ 1994ರಲ್ಲಿ ಕಟ್ಟಿದ ಬಯಲು ಕ್ರೀಡಾಂಗಣವನ್ನು ಬೇಸಿಗೆಯ ಧಗೆ ಪ್ರೇಕ್ಷಕರನ್ನು ಹಣ್ಣುಮಾಡುತ್ತದೆಂಬ ಕಾರಣಕ್ಕೇ ಬಿಟ್ಟು, 2020ರಲ್ಲಿ ಸರಿಸಬಹುದಾದ ಚಾವಣಿಯ ಹೊಸತನ್ನು ತೆರೆದರು. ಆಸನಗಳು ಸುಮಾರು 48 ಸಾವಿರದಿಂದ 40 ಸಾವಿರಕ್ಕೆ ಇಳಿದವು. ಅಲ್ಲಿನ ಟಿಕೆಟ್ ದರ, ಮಾಲೀಕರ ಲಾಭಕ್ಕೆ ತೆರಿಗೆ ಹಣ ಸುರಿಯುವ ಪದ್ಧತಿ ನಮಗೆ ಬೇಡ. ನೋಡುವವನ ಸುಖವನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಆಸನ ಎಣಿಸುವ ಕ್ರಮ ಮಾತ್ರ ಬೇಕು. ಜಗಳೂರಿನ ಮಾರ್ಚ್ ತಿಂಗಳ ಬಿಸಿಲು ಟೆಕ್ಸಾಸ್‌ಗೆ ಸೋಲುವಂಥದ್ದೇನಲ್ಲ.

ಸೂರ್ಯನಗರದ ವಿಷಯದಲ್ಲಿ ಸರ್ಕಾರ ಮೊದಲು ಮಾಡಬೇಕಾದ್ದು, ನಿರ್ಗಮನ ದ್ವಾರಗಳ ಹಾಗೂ ಜನ ನಿಲ್ಲುವ ಜಾಗದ ನಕ್ಷೆಯನ್ನು ಸಾರ್ವಜನಿಕರ ಮುಂದಿಡುವುದು. ಸಂಜೆ ಏಳೂವರೆಗೆ ಆರಂಭವಾಗುವ ಪಂದ್ಯ ಮುಗಿದ ಮೇಲೆ ಚನ್ನಗಿರಿಯ ಹುಡುಗ ಆನೇಕಲ್‌ನಿಂದ ಮೆಜೆಸ್ಟಿಕ್ ತಲುಪಿ ಊರಿನ ಬಸ್ಸು ಹಿಡಿಯುವುದು ಹೇಗೆಂಬುದೂ ಆ ಯೋಜನೆಯ ಭಾಗವಾಗಬೇಕು.

ತಾಲ್ಲೂಕುಗಳಿಗೆ ಬೇಕಾದದ್ದು ಅತ್ಯಲ್ಪ: ಮೈದಾನದ ಸುತ್ತ ನಾಲ್ಕೈದು ಸಾಲು ಕಲ್ಲಿನ ಮೆಟ್ಟಿಲು, ಅದಕ್ಕೆ ನೆರಳು, ಕುಡಿಯುವ ನೀರು, ಒಂದರ ಬದಲು ಎರಡು ಮೂರು ಗೇಟು. ತಾತ್ಕಾಲಿಕ ಗ್ಯಾಲರಿಗೆ ಎಂಜಿನಿಯರ್ ಸಹಿಯಿಲ್ಲದೆ ಪಂದ್ಯಕ್ಕೆ ಪರವಾನಗಿ ಕೊಡಬಾರದು. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಈ ಕೆಲಸ ಮೊದಲಾಗಲಿ. ಅಲ್ಲಿ ಹಳೆಯ ಅಚ್ಚಿಗೆ ಅಂಟಿಕೊಳ್ಳುವ ಅಗತ್ಯವಿಲ್ಲ. ಮಹಿಳೆಯರ ಶೌಚಾಲಯದ ಬೀಗದ ಕೈ ಪಂದ್ಯದ ದಿನ ಯಾರ ಬಳಿ ಇರಬೇಕೆಂಬುದನ್ನೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಲಿಖಿತವಾಗಿ ನಿಗದಿಪಡಿಸಬೇಕು.