ಎರಡನೆಯ ಪ್ರಾಶಸ್ತ್ಯಕ್ಕೂ ಬೆಲೆಯಿದೆ

1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಮುಖಂಡರು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಪದವಿಗೆ ಅಭ್ಯರ್ಥಿಯೆಂದು ನಿಶ್ಚಯಿಸಿದರು. ಮರುತಿಂಗಳು ಗೆದ್ದವರು ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ಪಕ್ಷೇತರ ವಿ.ವಿ. ಗಿರಿ. ನಾವಿದನ್ನು ‘ಆತ್ಮಸಾಕ್ಷಿಯ ಮತ’ದ ಕಥೆಯಾಗಿ ನೆನೆಯುತ್ತೇವೆ, ಅದು ಎಣಿಕೆಯ ಕಥೆಯೂ ಹೌದು.

ಮೊದಲ ಎಣಿಕೆಯಲ್ಲಿ ಗಿರಿಯವರ ಮತಮೌಲ್ಯ 4,01,515, ರೆಡ್ಡಿಯವರದು 3,13,548, ಸಿ.ಡಿ. ದೇಶಮುಖರದು 1,12,769. ಗೆಲ್ಲಲು ಬೇಕಿದ್ದುದು 4,18,169. ಕಡಿಮೆ ಮತ ಪಡೆದವರನ್ನು ಕ್ರಮವಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಎಣಿಸಿದಾಗ ಗಿರಿ 4,20,077ಕ್ಕೂ ರೆಡ್ಡಿ 4,05,427ಕ್ಕೂ ತಲುಪಿದರು. ದೇಶಮುಖರಿಗೆ ಮತವಿತ್ತವರ ಅಭಿಪ್ರಾಯವೂ ಅಂತಿಮ ನಿರ್ಣಯದಲ್ಲಿ ಪಾಲು ಪಡೆಯಿತು.

ಈ ಪದ್ಧತಿಯ ಮೊದಲ ಗುಣ ಇದೇ. ‘ಗೆಲ್ಲದವರಿಗೆ ಹಾಕಿ ಮತ ಹಾಳುಮಾಡಬೇಡಿ’ ಎಂಬ ಉಪದೇಶ ಹೊರನಾಡ ಕನ್ನಡಿಗರಾದ ನಮಗೆ ಹೊಸದಲ್ಲ. ಪ್ರಾಶಸ್ತ್ಯ ಮತದಲ್ಲಿ ಮನಸ್ಸಿಗೆ ಒಪ್ಪಿದವರಿಗೆ 1 ಎಂದೂ, ಅನಿವಾರ್ಯವಾದವರಿಗೆ 2 ಎಂದೂ ನಿರ್ಭಯವಾಗಿ ಬರೆಯಬಹುದು.

ದೋಷಗಳನ್ನೂ ಮರೆಮಾಚಬಾರದು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಓದುಬರಹ ಬಲ್ಲವರೇ ಅಂಕಿಯ ಬದಲು ಗುರುತು ಹಾಕಿ ಮತವನ್ನು ಅಸಿಂಧುಗೊಳಿಸುವುದುಂಟು. ಚಿಹ್ನೆ ನೋಡಿ ಗುಂಡಿ ಒತ್ತುವ ಕೋಟ್ಯಂತರ ಮತದಾರರ ಮೇಲೆ ಇದನ್ನು ಏಕಾಏಕಿ ಹೇರಲಾಗದು. ಮುಂದಿನ ಪ್ರಾಶಸ್ತ್ಯ ಬರೆಯದ ಮತವು ನಡುವೆಯೇ ನಿಂತುಹೋಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಒಂದೇ ಸ್ಥಾನವಿರುವಲ್ಲಿ ಕೊನೆಗೆ ಗೆಲ್ಲುವುದು ಬಹುಮತವೇ. ಅಲ್ಪಸಂಖ್ಯಾತರ ಮಾತಿಗೆ ತೂಕ ಬಂದೀತೇ ಹೊರತು ಪೀಠ ದೊರೆಯದು.

ಪೀಠ ದೊರೆಯುವುದು ಹಲವು ಸ್ಥಾನಗಳನ್ನು ಒಟ್ಟಿಗೆ ತುಂಬುವಲ್ಲಿ. 2017ರ ಪುಣೆ ಮಹಾನಗರಪಾಲಿಕೆ ಚುನಾವಣೆಯಲ್ಲಿ ಬಹುತೇಕ ವಾರ್ಡುಗಳಿಂದ ತಲಾ ನಾಲ್ವರು ಆಯ್ಕೆಯಾದರು. ಆದರೆ ಪ್ರತಿ ಸ್ಥಾನಕ್ಕೂ ಪ್ರತ್ಯೇಕ ಮತ. ಹೀಗಾಗಿ ದೊಡ್ಡ ಪಕ್ಷವೊಂದು ನಾಲ್ಕನ್ನೂ ಬಾಚಿಕೊಳ್ಳಬಹುದು. ರಾಜ್ಯಸಭೆಯ ಕ್ರಮದಂತೆ ನಾಲ್ಕಕ್ಕೂ ಒಂದೇ ಪ್ರಾಶಸ್ತ್ಯಪಟ್ಟಿ ಇದ್ದರೆ, ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮತವುಳ್ಳ ಗುಂಪು ತನ್ನೊಬ್ಬನನ್ನು ಖಚಿತವಾಗಿ ಆರಿಸಬಲ್ಲುದು. ಮಹಿಳೆಯರ ಹಾಗೂ ಹಿಂದುಳಿದವರ ಮೀಸಲಾತಿಯನ್ನು ಇದರೊಡನೆ ಹೊಂದಿಸುವುದು ಕಠಿಣ, ಅಸಾಧ್ಯವಲ್ಲ.

ಕನ್ನಡಿಗರಷ್ಟೇ ಕೂಡಿದರೆ ಆ ಪ್ರಮಾಣ ಮುಟ್ಟುವ ವಾರ್ಡುಗಳು ವಿರಳ. ತೆಲುಗರು, ತಮಿಳರು, ಸ್ಥಳೀಯ ಮರಾಠಿ ನೆರೆಯವರು ತಮ್ಮ ಎರಡನೆಯ ಪ್ರಾಶಸ್ತ್ಯವನ್ನು ನಮಗೆ ಕೊಡುವಂತೆ ನಾವು ಬಾಳಬೇಕು. ಭಾಷೆಯ ಬೇಲಿಯಾಚೆ ಮತ ಕೇಳಲು ಕಲಿಸುವುದೇ ಈ ಪದ್ಧತಿಯ ದೊಡ್ಡ ಲಾಭ. ಲೋಕಸಭೆಯ ಮಾತು ಆಮೇಲಿರಲಿ. ಮೊದಲು ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಯ ಚುನಾವಣೆಯಲ್ಲಿಯೇ ಇದು ಪ್ರಯೋಗವಾಗಲಿ.